ಬೇಳದ ತೋಟದಲ್ಲಿ ಬೇರಿನ ಕಾವಲುಗಾರರು

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವಾಗ ಸೀತಾಂಗೋಳಿ ದಾಟಿದರೆ ಬೇಳ ಸಿಗುತ್ತದೆ. 1890ರಲ್ಲಿ ಸ್ಥಾಪನೆಯಾದ ಶೋಕಮಾತೆಯ ದೇವಾಲಯ ಇರುವುದು ಇಲ್ಲಿಯೇ. 1956ರಲ್ಲಿ ಈ ನಾಡು ಕೇರಳಕ್ಕೆ ಸೇರಿದರೂ ಇಲ್ಲಿನ ಧರ್ಮಕೇಂದ್ರ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದ್ದೇ. ಸುತ್ತಲೂ ಮುರಕಲ್ಲಿನ ಗುಡ್ಡಗಳು. ತಗ್ಗಿನಲ್ಲಿ ಅಡಿಕೆ ತೋಟ. ಅಡಿಕೆ ಮರಗಳಿಗೆ ಹಬ್ಬಿದ ಕರಿಮೆಣಸು.

ಮಳೆಗಾಲದಲ್ಲಿ ಈ ತೋಟಗಳಿಗೆ ಎರಡು ಭಯ. ಅಡಿಕೆಗೆ ಕೊಳೆರೋಗ, ಮೆಣಸಿಗೆ ಶೀಘ್ರ ಸೊರಗು ರೋಗ. ಎರಡಕ್ಕೂ ಕಾರಣ ಫೈಟೊಫ್ತೊರಾ ಎಂಬ ಕುಲದ ಸೂಕ್ಷ್ಮಜೀವಿಗಳು. ಹಿಂದೆ ಇವನ್ನು ಶಿಲೀಂಧ್ರವೆಂದೇ ಎಣಿಸುತ್ತಿದ್ದರು; ಈಗ ವಿಜ್ಞಾನಿಗಳು ಇವನ್ನು ಬೇರೆ ಗುಂಪಿಗೆ ಸೇರಿಸಿದ್ದಾರೆ. ರೋಗ ಬುಡಕ್ಕೆ ತಗಲಿದರೆ ಹಸಿರಾಗಿದ್ದ ಬಳ್ಳಿ ಕೆಲವೇ ವಾರಗಳಲ್ಲಿ ಒಣಗುತ್ತದೆ.

"ಬಳ್ಳಿ ಹೋದರೆ ಹೊಸದು ನೆಡಬಹುದು ಫಾದರ್. ಆದರೆ ಫಸಲು ಕೈಗೆ ಬರಲು ಮೂರು ವರ್ಷ ಬೇಕು. ಮಗಳ ಕಾಲೇಜು ಅಷ್ಟು ದಿನ ಕಾಯುತ್ತದೆಯೇ?" ಎಂದು ಒಬ್ಬ ತೋಟದ ಯಜಮಾನರು ಕೇಳಿದರು. ಅವರು ಮೈಲುತುತ್ತು ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಬಿಟ್ಟಿಲ್ಲ. ಅದರ ಜೊತೆಗೆ ಈಗ ಬಳ್ಳಿಯ ಬುಡಕ್ಕೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನೂ ನೀರಿನಲ್ಲಿ ಕಲಸಿ ಹಾಕುತ್ತಾರೆ.

ಬ್ಯಾಕ್ಟೀರಿಯಾ ಎಂದೊಡನೆ ನಮಗೆ ನೆನಪಾಗುವುದು ಕಾಯಿಲೆ. ಆದರೆ ಇವು ಬೇರಿನ ಸುತ್ತ ನೆಲೆಸುವ ಮಿತ್ರರು. ಬೇರು ಸ್ರವಿಸುವ ಸಕ್ಕರೆಯೇ ಇವುಗಳ ಆಹಾರ. ಪ್ರತಿಯಾಗಿ ಇವು ಮಣ್ಣಿನ ಕಬ್ಬಿಣದ ಅಂಶವನ್ನು ಹಿಡಿದಿಟ್ಟು ರೋಗಾಣುವಿಗೆ ಸಿಗದಂತೆ ಮಾಡುತ್ತವೆ. ಅದನ್ನು ತಡೆಯುವ ರಾಸಾಯನಿಕಗಳನ್ನೂ ಉತ್ಪಾದಿಸುತ್ತವೆ. ಇನ್ನೂ ಸೋಜಿಗದ ಸಂಗತಿಯೊಂದಿದೆ. ಇವು ಬೇರಿನಲ್ಲಿದ್ದರೂ ಎಲೆಯವರೆಗೆ ಇಡೀ ಗಿಡ ಎಚ್ಚರಗೊಳ್ಳುತ್ತದೆ. ಮುಂದೆ ರೋಗ ಬಂದಾಗ ಗಿಡ ಬೇಗನೆ, ಬಲವಾಗಿ ಎದುರಿಸುತ್ತದೆ. 1991ರಲ್ಲಿ ಕಾರ್ನೇಶನ್ ಹೂಗಿಡ ಮತ್ತು ಸೌತೆ ಗಿಡಗಳ ಮೇಲೆ ನಡೆದ ಅಧ್ಯಯನಗಳು ಇದನ್ನು ತೋರಿಸಿಕೊಟ್ಟವು.

ಕೇರಳದಲ್ಲಿ ಸಾಮಾನ್ಯವಾಗಿ ಸೂಚಿಸುವ ಪ್ರಮಾಣ ಲೀಟರ್ ನೀರಿಗೆ 20 ಗ್ರಾಂ ಪುಡಿ. ಇದು ಜೀವವಿರುವ ವಸ್ತು. ಆದ್ದರಿಂದ ಅವಧಿ ಮುಗಿದ ಪೊಟ್ಟಣ ಬೇಡ, ಬಿಸಿಲಲ್ಲಿ ಇಡುವುದು ಬೇಡ. ಬೋರ್ಡೊ ದ್ರಾವಣದೊಂದಿಗೆ ಎಂದೂ ಬೆರೆಸಬಾರದು. ತಾಮ್ರವು ಮಿತ್ರರನ್ನೂ ಕೊಲ್ಲುತ್ತದೆ. ಹಟ್ಟಿಗೊಬ್ಬರ ಹಾಕಿದ, ತೇವವಿರುವ ಮಣ್ಣು ಇವಕ್ಕೆ ಹಿತ. ಮುಖ್ಯವಾಗಿ, ಇದು ರೋಗ ಬರುವ ಮೊದಲೇ ಮಾಡುವ ಕೆಲಸ. ಬುಡ ಕೊಳೆತ ಬಳ್ಳಿಯನ್ನು ಇದು ಬದುಕಿಸದು. ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯದಿದ್ದರೆ ಯಾವ ಪುಡಿಯೂ ಸಾಲದು.

ಪ್ರಿಯ ಓದುಗರೇ, ಸ್ವಲ್ಪ ಹುಳಿಹಿಟ್ಟು ಇಡೀ ಹಿಟ್ಟನ್ನು ಉಬ್ಬಿಸುವ ಸಾಮತಿಯನ್ನು ಪ್ರಭು ಯೇಸು ಹೇಳಿದರು. ಕಣ್ಣಿಗೆ ಕಾಣದ ಜೀವಿಯೊಂದು ಬೇರಿನ ಬಳಿ ಮೌನವಾಗಿ ದುಡಿದು ಇಡೀ ಬಳ್ಳಿಯನ್ನು ಬಲಪಡಿಸುವುದನ್ನು ಕಂಡಾಗ ಆ ಮಾತಿನ ಅರ್ಥ ತೋಟದಲ್ಲೇ ತಿಳಿಯುತ್ತದೆ. ಮನೆಯಲ್ಲಿ ಮಕ್ಕಳಿಗೆ ಕಲಿಸುವ ಪ್ರಾರ್ಥನೆಯೂ ಹಾಗೆಯೇ. ಅದನ್ನು ಕಷ್ಟ ಬಂದ ಮೇಲಲ್ಲ, ಮೊದಲೇ ಬೇರಿಗೆ ಹಾಕಬೇಕು.