ಮನುಷ್ಯನ ಎತ್ತರವೇ ಅಳತೆಗೋಲು

ಬಂದೂಕು ತಯಾರಿಸುವ ಮನೆತನದಲ್ಲಿ, ರಷ್ಯದ ಇಜೆವ್ಸ್ಕ್ ನಗರದಲ್ಲಿ 1920ರಲ್ಲಿ ಜನಿಸಿದ ಯೆವ್ಗೆನಿ ಡ್ರಾಗುನೋವ್ ಮೊದಲು ಹೆಸರು ಗಳಿಸಿದ್ದು ಕ್ರೀಡಾಸ್ಪರ್ಧೆಯ ರೈಫಲ್‌ಗಳಿಂದ. ಅಲ್ಲಿ ಗುರಿಯೆಂದರೆ ಕಾಗದದ ಮೇಲಿನ ವೃತ್ತ. 1963ರಲ್ಲಿ ಸೋವಿಯತ್ ಸೇನೆ ಅಂಗೀಕರಿಸಿದ ಅವರ ಸ್ನೈಪರ್ ರೈಫಲ್‌ನಲ್ಲಿ ಆ ಕ್ರೀಡಾಂಗಣದ ಗುರುತು ಉಳಿದಿದೆ. ಹೆಗಲಿಗೆ ಆನಿಸುವ ಮರದ ಭಾಗವನ್ನು ಕೊರೆದು ಹಗುರಗೊಳಿಸಿ, ಹೆಬ್ಬೆರಳು ತೂರಲು ಎಡೆಮಾಡಿ, ಕೆನ್ನೆಗೊಂದು ಆಸರೆಯನ್ನೂ ಒದಗಿಸಲಾಗಿದೆ.

ಗುಂಡು ಹಾರುವಾಗ ನಳಿಗೆಯೊಳಗಿನ ಅನಿಲದ ಒಂದಂಶವು ಚಿಕ್ಕ ಪಿಸ್ಟನ್ನನ್ನು ತಳ್ಳುತ್ತದೆ. ಕಲಾಶ್ನಿಕೋವ್ ಬಂದೂಕಿನಲ್ಲಿ ಪಿಸ್ಟನ್ ಹಿಂದಿನ ಭಾರದ ಭಾಗಕ್ಕೇ ಜೋಡಿಸಿಕೊಂಡು ಅದರೊಡನೆ ಓಡುತ್ತದೆ. ಇಲ್ಲಿ ಅದು ಒಂದು ಪೆಟ್ಟು ಕೊಟ್ಟು ನಿಂತುಬಿಡುತ್ತದೆ. ಚಲಿಸುವ ತೂಕ ಕಡಿಮೆಯಾದುದರಿಂದ ಗುರಿಯ ಅಲುಗಾಟವೂ ಕಡಿಮೆ. ಖಾಲಿ ತೋಟೆಯನ್ನು ಹೊರಹಾಕಿ, 10 ತೋಟೆಗಳ ಪೆಟ್ಟಿಗೆಯಿಂದ ಮುಂದಿನದನ್ನು ಸೇರಿಸುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಕೈಯಿಂದ ಎಳೆಯುವ ಹಳೆಯ ರೈಫಲ್‌ಗಳಲ್ಲಿ ಎರಡು ಗುಂಡುಗಳ ನಡುವೆ ಇದ್ದ ಬಿಡುವು ಇಲ್ಲಿಲ್ಲ. ಆದರೆ ಪ್ರತಿ ಗುಂಡಿಗೂ ಬೆರಳು ಬೇರೆಬೇರೆಯಾಗಿಯೇ ಒತ್ತಬೇಕು. ಸಂಕಲ್ಪವನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಿಲ್ಲ.

ನೂರಾರು ಮೀಟರ್ ದೂರಕ್ಕೆಂದು ಮಾಡಿದ ಈ ಆಯುಧಕ್ಕೆ ಬಯೊನೆಟ್ ಸಿಕ್ಕಿಸುವ ಏರ್ಪಾಡೂ ಇರುವುದು ವಿಚಿತ್ರವೇ ಸರಿ. ನಳಿಗೆಯ ಕಥೆ ಇನ್ನೂ ವಿಚಿತ್ರ. ಮೊದಲು ಅದರ ಒಳಸುರುಳಿ 320 ಮಿಲಿಮೀಟರಿಗೆ ಒಂದು ಸುತ್ತು ಇತ್ತು. ಉಕ್ಕನ್ನು ಭೇದಿಸಿ ಬೆಂಕಿ ಹಚ್ಚುವ ಗುಂಡಿಗೆ ಅದು ಸಾಲದೆಂದು ಮುಂದೆ 240 ಮಿಲಿಮೀಟರಿಗೆ ಇಳಿಸಲಾಯಿತು. ನಿಖರತೆ ಕುಂದಿತು. ನಿಖರತೆಗೆಂದೇ ಹುಟ್ಟಿದ ಆಯುಧವು ಅದನ್ನೇ ಒಂದಿಷ್ಟು ತೆತ್ತು ಹೆಚ್ಚಿನ ವಿನಾಶಶಕ್ತಿಯನ್ನು ಪಡೆಯಿತು.

ಇವೆಲ್ಲಕ್ಕಿಂತ ಮನಸ್ಸನ್ನು ತಡೆದು ನಿಲ್ಲಿಸುವುದು ಪಿಎಸ್‌ಒ-1 ಎಂಬ ದೂರದರ್ಶಕ. ಅದು ನೋಟವನ್ನು 4 ಪಟ್ಟು ಹಿಗ್ಗಿಸುತ್ತದೆ. ಗಾಜಿನ ಎಡಗಡೆ ಕೆಳಗೆ ಒಂದು ಅಡ್ಡಗೆರೆ, ಅದರ ಮೇಲೊಂದು ಬಾಗುಗೆರೆ, 2ರಿಂದ 10ರವರೆಗಿನ ಅಂಕಿಗಳು. ಎದುರಿನ ಮನುಷ್ಯನ ಪಾದವನ್ನು ಅಡ್ಡಗೆರೆಯ ಮೇಲಿರಿಸಿದರೆ ನೆತ್ತಿ ಬಾಗುಗೆರೆಯನ್ನು ತಾಗುವಲ್ಲಿ ದೂರ ತಿಳಿಯುತ್ತದೆ. 4 ಎಂದರೆ 400 ಮೀಟರ್. ಇದರಲ್ಲಿ ಕ್ರೌರ್ಯದ ಅಬ್ಬರವಿಲ್ಲ, ಶಾಲೆಯ ಮಕ್ಕಳೂ ಅರಿಯಬಲ್ಲ ಜ್ಯಾಮಿತಿಯಿದೆ. ಲೆಕ್ಕಕ್ಕಾಗಿ ಮನುಷ್ಯನ ಎತ್ತರವನ್ನು 1.7 ಮೀಟರ್ ಎಂದು ಹಿಡಿಯಲಾಗಿದೆ. ಹೆಸರು, ವಯಸ್ಸು, ಮನೆಯಲ್ಲಿ ಕಾಯುವವರು ಯಾರೂ ಆ ಲೆಕ್ಕದೊಳಗೆ ಬರುವುದಿಲ್ಲ. ಬಾಗಿ ನೀರು ಮೊಗೆಯುವವನಿಗೆ ಆ ಅಳತೆ ಹೊಂದದು. ಮಗುವೊಂದು ಎದುರು ನಿಂತರೆ, ಇರುವುದಕ್ಕಿಂತ ಬಹು ದೂರದಲ್ಲಿ ನಿಂತಿದೆಯೆಂದೇ ಆ ಗೆರೆಗಳು ಹೇಳುತ್ತವೆ.