ಬದುವಿನ ಹೂವು, ಹೊಲದ ಹಂದರ

ಬಯಲಿನಲ್ಲಿ, ಕಾಡುಹೂಗಳ ನಡುವೆ ಮದುವೆ ಎಂದರೆ ಅದು ಸಿನಿಮಾದವರ ಷೋಕಿ ಎಂದು ಅನೇಕರು ತಿಳಿದಿದ್ದಾರೆ. ನಮ್ಮ ಗಂಗಾವತಿ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಬಯಲನ್ನು ಬಿಟ್ಟು ಮದುವೆಗೆ ಬೇರೆ ಜಾಗ ಹುಡುಕುತ್ತಲೇ ಇರಲಿಲ್ಲ. ಹಾಲಗಂಬ ನೆಟ್ಟು, ಮೇಲೆ ಮಾವು, ನೇರಲದ ತೊಪ್ಪಲು ಹೊದಿಸಿದರೆ ಹಂದರವಾಯಿತು. ಕುಂಬಾರರ ಮನೆಯಿಂದ ಐರಾಣಿ ಗಡಿಗೆ ಬಂದವು, ಅಕ್ಕಿಕಾಳು ಬಿದ್ದವು, ಊರೆಲ್ಲ ನೆಲದ ಮೇಲೆ ಸಾಲಾಗಿ ಕೂತು ಗೋಧಿ ಹುಗ್ಗಿ ಉಂಡಿತು. ಕಲ್ಯಾಣ ಮಂಟಪಗಳು ಬಂದದ್ದು ಆಮೇಲೆ.

ಹಾಗಾಗಿ ಮರಳಿಯಲ್ಲಿರುವ ನನ್ನ ಅಣ್ಣನ ಮಗಳು, "ಅತ್ತೀ, ನನ್ನ ಮದಿವಿ ನಮ್ಮ ಮಸಾರಿ ಹೊಲದಾಗ ಆಗಬೇಕು, ಸುತ್ತಲೂ ತಂಗಡಿ ಹೂ ಇರಬೇಕು" ಎಂದಾಗ ನನಗೇನೂ ವಿಚಿತ್ರ ಅನಿಸಲಿಲ್ಲ. ತೊಡಕು ಇದ್ದದ್ದು ಹೂವಿನದೇ. ಆ ಹೊಲದ ಬದುವಿನಲ್ಲಿ ಒಂದು ಹೂವೂ ಇರಲಿಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ನಮ್ಮ ಭಾಗ ಭತ್ತದ ಕಣಜವಾಯಿತು. ಹೊಟ್ಟೆ ತುಂಬಿತು, ಮನೆಗಳೆದ್ದವು. ಆದರೆ ಬದುಗಳು ಬೋಳಾದವು. ಪೊದೆ ಬೆಳೆದರೆ ಇಲಿ ಸೇರುತ್ತವೆ, ಕೀಳಲು ಆಳು ಸಿಗುವುದಿಲ್ಲ. ಹೀಗಾಗಿ ಕಳೆನಾಶಕವೇ ಸುಲಭ. ಕಾಲುವೆ ನೀರು ಏರದ ಎರಡೆಕರೆ ಮಸಾರಿಗೂ ಅಣ್ಣ ಅದೇ ಪಂಪು ಹೊತ್ತು ಹೋಗುತ್ತಿದ್ದ.

ಕಳೆದ ಕಾರಹುಣ್ಣಿಮೆಯ ದಿನ ಊಟಕ್ಕೆ ಕೂತಾಗ ಮಗಳು ಕೇಳಿಯೇಬಿಟ್ಟಳು: "ಅಪ್ಪಾ, ನನಗ ಬಂಗಾರ ಒಂದು ತೊಲಿ ಕಮ್ಮಿ ಮಾಡು. ಈ ವರ್ಷ ಮಸಾರಿ ಬದುವಿಗೆ ಎಣ್ಣಿ ಹೊಡಿಬ್ಯಾಡ."

ಅಣ್ಣ ಕೈಯಲ್ಲಿದ್ದ ತುತ್ತು ತಾಟಿಗೆ ಇಟ್ಟ. "ಮಂಟಪ ಹಿಡಿಯಾಕ ರೊಕ್ಕ ಇಲ್ಲದ ಹೊಲದಾಗ ಮದಿವಿ ಮಾಡಿದ ಅಂತಾರ ಮಂದಿ" ಎಂದ. ದೊಡ್ಡ ಮಗಳ ಮದುವೆಯ ಸಾಲ ತೀರಿಸಲು ಅವನಿಗೆ ನಾಲ್ಕು ಬೆಳೆ ಬೇಕಾಗಿದ್ದವು. ಆದರೂ ಈ ಮಗಳಿಗೆ ಅಷ್ಟೇ ಮಾಡದಿದ್ದರೆ ತಂದೆಯಾಗಿ ತಾನು ಕಡಿಮೆಯಾದೆನೇನೋ ಎಂಬ ಸಂಕಟ ಅವನದು.

ಅವ್ವ ಮೂಲೆಯಿಂದಲೇ ಹೇಳಿದಳು: "ನನ್ನ ಮದಿವಿ ಹಂದರದಾಗ ಆತು. ಬಂದವರು ಉಂಡು, ಹರಸಿ ಹೋದ್ರು. ಯಾರೂ ಬಡವರು ಅನ್ಲಿಲ್ಲ. ಕೂಸು ಕೇಳಾಕತ್ತೈತಿ, ಒಂದು ಬದು ಬಿಡಪಾ."

ಕುಷ್ಟಗಿಯ ಬೀಗರನ್ನು ನಾನೇ ಹೋಗಿ ಕೇಳಿದೆ. ಬೀಗತಿ ನಕ್ಕುಬಿಟ್ಟರು: "ನಮ್ಮ ಕಡಿ ತಂಗಡಿಗೇನು ಬರ ಐತ್ರಿ? ಕಮ್ಮಿ ಬಿದ್ರ ನಾವ ತರ್ತೀವಿ." ಅಲ್ಲಿಗೆ ಅಣ್ಣ ಒಪ್ಪಿದ. ಭತ್ತದ ಗದ್ದೆಯ ಬದು ಅವನಿಗೆ, ಮಸಾರಿಯ ಬದು ಮಗಳಿಗೆ ಎಂದಾಯಿತು.

ಮಳೆ ಬಿದ್ದದ್ದೇ ಸಾಕು, ಸತ್ತಂತಿದ್ದ ತಂಗಡಿ ಬುಡಗಳು ಚಿಗುರಿದವು. ಇದನ್ನೇ ಬೇರೆ ಕಡೆ ಆವರಿಕೆ ಎನ್ನುತ್ತಾರೆ. ನಾವು ಕಳೆ ಎಂದು ಸುಡುವ ಈ ಹಳದಿ ಹೂ ನೆರೆಯ ತೆಲಂಗಾಣದ ರಾಜ್ಯಪುಷ್ಪ. ಅಲ್ಲಿಯ ಬತುಕಮ್ಮ ಹಬ್ಬದಲ್ಲಿ ಹೆಣ್ಣುಮಕ್ಕಳು ಇದನ್ನು ತಟ್ಟೆಯಲ್ಲಿ ಗೋಪುರದಂತೆ ಜೋಡಿಸಿ ಸುತ್ತಲೂ ಹಾಡುತ್ತಾರೆ.

ಹೂವಿನ ಮದುವೆಗೆ ಹೂವಿನ ಪಂಚಾಂಗವನ್ನೂ ನೋಡಬೇಕು. ಮುತ್ತಲ ಹೂ ಬಿಡುವಾಗ ಮರದಲ್ಲಿ ಎಲೆ ಉಳಿದಿರುವುದಿಲ್ಲ. ಆದ್ದರಿಂದ ಊಟದ ಪತ್ರಾವಳಿಗೆ ಎಲೆಯನ್ನು ದೀಪಾವಳಿ ಹೊತ್ತಿಗೇ ತಂದು ಹಚ್ಚಿಟ್ಟೆವು. ಉದುರಿದ ಹೂವನ್ನು ಮಕ್ಕಳು ಈಗ ಆರಿಸಿ ನೆರಳಲ್ಲಿ ಒಣಗಿಸುತ್ತಿದ್ದಾರೆ. ಬಿಸಿನೀರಿನಲ್ಲಿ ನೆನೆಸಿದರೆ ಮದುವೆಯ ಓಕಳಿಗೆ ಕೇಸರಿ ಬಣ್ಣ ಸಿದ್ಧ. ಯುಗಾದಿ ದಾಟಿದ ಮೇಲಿನ ಮುಹೂರ್ತವಾದ್ದರಿಂದ ತೋರಣಕ್ಕೆ ಬೇವಿನ ಹೂ ಸಿಗುತ್ತದೆ.

ಎಚ್ಚರಿಕೆಗಳೂ ಇವೆ. ಬಿಸಿಲು 40 ಡಿಗ್ರಿ ಮುಟ್ಟುವ ಕಾಲ. ಅಕ್ಕಿಕಾಳು ಬೆಳಿಗ್ಗೆ ಎಂಟರೊಳಗೆ ಬೀಳಬೇಕು. ಮಧ್ಯಾಹ್ನದ ಮೇಲೆ ಗಾಳಿ-ಮಳೆ ಎದ್ದರೆ ಊಟಕ್ಕೆ ಗುಡಿಯ ಪೌಳಿಯನ್ನು ಕೇಳಿ ಇಟ್ಟಿದ್ದೇವೆ. ಹತ್ತಿರದ ಮರಗಳಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದು ನೋಡಿ ಬಂದೆವು. ಹೊಗೆಗೆ, ಸದ್ದಿಗೆ ಅವು ಎದ್ದರೆ ಮದುವೆ ಮನೆ ಚೆಲ್ಲಾಪಿಲ್ಲಿ. ಅದಕ್ಕೇ ಪಟಾಕಿ ಬೇಡವೆಂದು ಬೀಗರಿಗೂ ಹೇಳಿದ್ದೇವೆ. ಕಾಂಗ್ರೆಸ್ ಕಸದ ಬಿಳಿ ಹೂ ನೋಡಲು ಚೆಂದವಾದರೂ ಕೆಲವರಿಗೆ ಮೈ ತುರಿಕೆ, ಉಬ್ಬಸ ತರುತ್ತದೆ. ಅದನ್ನು ಹೂ ಬಿಡುವ ಮೊದಲೇ ದೊಡ್ಡವರು ಕೈಗೆ ಚೀಲ ಕಟ್ಟಿಕೊಂಡು ಕಿತ್ತರು. ನೆಗ್ಗಿನ ಮುಳ್ಳು ಆರಿಸುವುದು ಇನ್ನೂ ಬಾಕಿ. ಅದರ ಹಳದಿ ಹೂವೂ ಮುದ್ದಾಗಿದೆ, ಆದರೆ ಮದುಮಕ್ಕಳು ಬರಿಗಾಲಲ್ಲಿ ನಡೆಯಬೇಕಲ್ಲ!

ಮೊನ್ನೆ ಪಕ್ಕದ ಹೊಲದವರು ಪಂಪು ಹೊತ್ತು ಬಂದು, "ನಿಮ್ಮ ಬದುವಿಗೂ ಸೇರಿಸಿ ಹೊಡದುಬಿಡ್ಲೇನ್ರಿ?" ಎಂದು ಕೇಳಿದರಂತೆ. "ಬ್ಯಾಡೋ ಮಾರಾಯ, ಅಲ್ಲಿ ನನ್ನ ಮಗಳ ಹಂದರ ಐತಿ" ಎಂದನಂತೆ ಅಣ್ಣ. ಆಗಿನ್ನೂ ನಾವು ಒಂದು ಕಂಬವನ್ನೂ ನೆಟ್ಟಿರಲಿಲ್ಲ.

ಅಂಗಡಿಯ ಹೂವಿಗೆ ಹಿಂದಿನ ದಿನ ಹೇಳಿದರೂ ನಡೆಯುತ್ತದೆ. ಬದುವಿನ ಹೂವಿಗೆ ಒಂದು ಮಳೆಗಾಲ ಮುಂಚೆ ಹೇಳಬೇಕು. ನಿಮ್ಮ ಮನೆಯಲ್ಲೂ ಬರುವ ವಸಂತಕ್ಕೆ ಮದುವೆ ಇದ್ದರೆ, ಈ ಮುಂಗಾರಿಗೇ ಒಂದು ಬದುವನ್ನು ಅದರ ಪಾಡಿಗೆ ಬಿಟ್ಟು ನೋಡಿ.