ಮಣ್ಣಾಗದ ಮೀಸೆ

'ಜಟ್ಟಿ ಕೆಳಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆಯನ್ನು ಸೋಲೊಪ್ಪದವರ ಜಂಬಕ್ಕೆ ಅನ್ವಯಿಸುವುದು ವಾಡಿಕೆ. ಗರಡಿಯ ನಿಯಮ ಬಲ್ಲವರಿಗೆ ಅದರಲ್ಲಿ ಇನ್ನೊಂದು ಸ್ವಾರಸ್ಯವೂ ಉಂಟು. ನಮ್ಮ ಮಣ್ಣಿನ ಕುಸ್ತಿಯಲ್ಲಿ ಬೋರಲಾಗಿ ಬಿದ್ದವನು ಸೋತವನಲ್ಲ. ಬೆನ್ನು ನೆಲಕ್ಕೆ ತಾಗಿದವನೇ ಸೋತವನು. ಅಂಗಾತ ಬಿದ್ದವನ ಮೀಸೆಗೆ ಮಣ್ಣು ಹತ್ತುವುದೆಂತು? ಮಣ್ಣಾಗದ ಮೀಸೆಯೇ ಸೋಲಿಗೆ ಸಾಕ್ಷಿ!

ಈಚೆಗೆ ನಮ್ಮ ಮನೆಯಲ್ಲಿ ಕುಸ್ತಿಯ ಕುರಿತೇ ಒಂದು ವ್ಯಾಜ್ಯವೆದ್ದಿತು. ಮೈಸೂರಿನ ಗರಡಿಯೊಂದರಲ್ಲಿ ಪ್ರಾಯವೆಲ್ಲ ಸಾಮು ಮಾಡಿದ ಚಿಕ್ಕಪ್ಪನವರು, ಜೂಡೋ ಕಲಿಯಹೊರಟ ಮೊಮ್ಮಗನನ್ನು "ಮೆತ್ತೆಯ ಮೇಲೆ ಹೊರಳಾಡುವುದೂ ಒಂದು ವಿದ್ಯೆಯೇನಪ್ಪ?" ಎಂದು ಕೆಣಕಿದರು. "ಮಣ್ಣಿನಲ್ಲಿ ಹೊರಳಿದವರಿಗೆ ಯಾವ ಪದಕ ಬಂತು, ತಾತ?" ಎಂದುಬಿಟ್ಟ ಹುಡುಗ. ಅವರ ಗರಡಿಯ ಬಾಗಿಲಿಗೆ ಬೀಗ ಬಿದ್ದು ಎಷ್ಟೋ ಕಾಲವಾಗಿದೆ. ಆ ಮಾತು ನಾಟಬಾರದ ಕಡೆ ನಾಟಿತು. ಎರಡು ದಿನ ಊಟದ ಹೊತ್ತಿನಲ್ಲಿ ಮಾತೇ ಇರಲಿಲ್ಲ.

ಯಾವ ವಿದ್ಯೆ ಮೇಲೆಂದು ಕೇಳುವ ಮುನ್ನ, ಅದು ಯಾವುದನ್ನು ಸೋಲೆನ್ನುತ್ತದೆ ಎಂದು ಕೇಳಬೇಡವೆ? ಸುಮೋದಲ್ಲಿ 4.55 ಮೀಟರ್ ಅಡ್ಡಳತೆಯ ವೃತ್ತದಾಚೆ ಕಾಲಿಟ್ಟರೂ ಸೋಲು, ಅಂಗಾಲಲ್ಲದೆ ಬೇರಾವ ಅಂಗ ನೆಲ ಮುಟ್ಟಿದರೂ ಸೋಲು; ಆದುದರಿಂದ ಅಲ್ಲಿ ಮೈಭಾರಕ್ಕೆ ಅಷ್ಟು ಬೆಲೆ. ಗ್ರೀಕೋ-ರೋಮನ್ ಶೈಲಿಯಲ್ಲಿ ಸೊಂಟದ ಕೆಳಗೆ ಕೈಹಾಕುವಂತಿಲ್ಲ; ಎದುರಾಳಿಯನ್ನು ತಬ್ಬಿ ಎತ್ತಿ ಎಸೆಯಬಲ್ಲ ತೋಳಿಗೇ ಅಲ್ಲಿ ಮನ್ನಣೆ. ಫ್ರೀಸ್ಟೈಲಿನಲ್ಲಿ ಕಾಲನ್ನೂ ಹಿಡಿಯಬಹುದು. ಎರಡೂ ಭುಜಗಳನ್ನು ನೆಲಕ್ಕೊತ್ತಿದರೆ ಪಂದ್ಯ ಮುಗಿಯಿತು. ನಮ್ಮ ಕುಸ್ತಿಗೆ ಇದೇ ಹತ್ತಿರದ ನೆಂಟ.

ನೆಲವೂ ಸುಮ್ಮನಿರುವುದಿಲ್ಲ. 1910ರಲ್ಲಿ ಲಂಡನ್ನಿನ ಮ್ಯಾಟಿನ ಮೇಲೆ ಗಾಮಾ ಪೈಲ್ವಾನರೆದುರು ಪೋಲೆಂಡಿನ ಜ್ಬಿಸ್ಕೊ ಎರಡೂವರೆ ಗಂಟೆಗೂ ಮೀರಿ ನೆಲಕಚ್ಚಿ ಉಳಿದು, ಬೆನ್ನು ಕೊಡದೆ ಪಂದ್ಯವನ್ನು ಸಮವಾಗಿಸಿಕೊಂಡ. 1928ರಲ್ಲಿ ಪಟಿಯಾಲದ ಸಡಿಲ ಮಣ್ಣಿನಲ್ಲಿ ಅದೇ ಗಾಮಾ ಅವನನ್ನು ಒಂದು ನಿಮಿಷದೊಳಗೇ ಕೆಡವಿದರು. ಹದಿನೆಂಟು ವರ್ಷಗಳು ಇಬ್ಬರ ಮೈಮೇಲೂ ಹರಿದಿದ್ದವು, ನಿಜ. ಆದರೆ ನೆಲವೂ ಬದಲಾಗಿತ್ತು.

ಹುಡುಗನ ಪ್ರಶ್ನೆಗೆ ಉತ್ತರ ಖಾಶಾಬಾ ಜಾಧವರು. ಮಣ್ಣಿನ ಅಖಾಡದಲ್ಲಿ ಬೆಳೆದ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಫ್ರೀಸ್ಟೈಲ್ ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕವಾಗಿ ದೊರೆತ ಮೊದಲ ಒಲಿಂಪಿಕ್ ಪದಕವದು. ಇದನ್ನು ಕೇಳಿ ಹುಡುಗನ ದನಿ ತಗ್ಗಿತು. ಆ ಕಂಚು ಬಂದುದು ಮೆತ್ತೆಯ ಮೇಲೆಯೇ ಎಂಬುದನ್ನು ಚಿಕ್ಕಪ್ಪನವರೂ ಅಲ್ಲಗಳೆಯಲಿಲ್ಲ.

ಇನ್ನು ಜೂಡೋ. 1882ರಲ್ಲಿ ಜಿಗೊರೊ ಕಾನೊ ಟೋಕಿಯೋದಲ್ಲಿ ಇದನ್ನು ಆರಂಭಿಸಿದರು. ಅಂಗಿಯ ಪಟ್ಟಿ ಹಿಡಿದು, ಬೆನ್ನು ನೆಲಕ್ಕಪ್ಪಳಿಸುವಂತೆ ರಭಸದಿಂದ ಎಸೆದರೆ ಅಲ್ಲಿಯೂ ಗೆಲುವೇ. ನನಗೆ ಹಿಡಿಸಿದ್ದು ಮಾತ್ರ ಬೇರೊಂದು. ತೋಳೋ ಕೊರಳೋ ಬಿಗಿಗೆ ಸಿಕ್ಕಿದವನು ಅಂಗೈಯಿಂದ ತಟ್ಟಿದರೆ ಸಾಕು, ಸೋಲು ಒಪ್ಪಿದಂತೆ. ಎದುರಾಳಿ ಕೂಡಲೇ ಪಟ್ಟು ಸಡಿಲಿಸಬೇಕು. ಮೂಳೆ ಉಳಿಯುತ್ತದೆ, ನಾಳೆಯ ಅಭ್ಯಾಸವೂ ಉಳಿಯುತ್ತದೆ. ನಮ್ಮ ಜಟ್ಟಿಗೆ ಈ ಒಂದು ವರಸೆ ತಿಳಿದಿದ್ದರೆ ಆ ಗಾದೆಯೇ ಹುಟ್ಟುತ್ತಿರಲಿಲ್ಲವೇನೋ!